ತಿರುಗುಮುರುಗಾದ ಕೆರೆ

ಎಲ್ಲಕ್ಕೂ ಮೂಲ ಒಂದು ಟಿಕ್ ಗುರುತು. ಅದೊಂದನ್ನು ಹಾಕಿದ್ದರೆ ವರ್ಲಿನ್‌ನ ಪಾಡಿಗೆ ವರ್ಲಿನ್ ಸುಖವಾಗಿರುತ್ತಿದ್ದ.

ಮಿನ್ನೆಸೋಟದ ಫೆಬ್ರವರಿ ಚಳಿ. ಮನೆಯ ಗ್ಯಾರೇಜಿನಲ್ಲಿ ಎರಡು ಗಾಡಿಗೆ ಜಾಗ. ಒಂದು ಕಡೆ ವರ್ಲಿನ್‌ನ ಪಿಕಪ್ಪು, ಇನ್ನೊಂದು ಕಡೆ ಅವನು ನಿವೃತ್ತನಾದ ಮೇಲೆ ತಂದು ಕೂರಿಸಿದ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ. ಹೆಂಡತಿ ಮಾರ್ಲಿಸ್‌ಳ ಕಾರು ಹೊರಗೆ ಹಿಮದಲ್ಲಿ. ದಿನಾ ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆದೂ ಕೆರೆದೂ ಅವಳ ತಾಳ್ಮೆಯೇ ಸವೆದುಹೋಗಿತ್ತು.

"ನೋಡು, ಇವತ್ತು ಸಂಜೆ ನಮ್ಮಣ್ಣನ ಎಪ್ಪತ್ತರ ಹುಟ್ಟುಹಬ್ಬ. ಅವನ ಮನೆ ಮುಂದಿನ ಕೆರೆ ಆಕಾರಾನ ಹಲಗೇಲಿ ಕೂರಿಸಿ ಕೊಡ್ತೀನಿ ಅಂತ ಊರೆಲ್ಲ ಟಾಂಟಾಂ ಹೊಡೆದಿದ್ದೀಯ. ಹಲಗೆ ಆಗಲಿಲ್ವೋ, ನಾಳೆ ನಿನ್ನ ಯಂತ್ರ ಆಚೆ, ನನ್ನ ಕಾರು ಒಳಗೆ!"

ಕೆಲಸ ಹೇಳಲಿಕ್ಕೆ ಸುಲಭ. ಕರಿ ಹಲಗೆಯಲ್ಲಿ ಕೆರೆಯ ಆಕಾರದ ಗುಂಡಿ ತೋಡಬೇಕು. ಬಿಳಿ ಮರದಲ್ಲಿ ಅದೇ ಆಕಾರದ ಉಬ್ಬು ಕೆತ್ತಿ, ಅದನ್ನು ಬೋರಲು ಹಾಕಿ ಗುಂಡಿಗೆ ಅಂಟಿಸಿ, ಮೇಲುಳಿದ ಮರ ಹೆರೆದು ತೆಗೆದರೆ ಕರಿಯಲ್ಲಿ ಬಿಳಿ ಕೆರೆ. ಬೋರಲು ಹಾಕುವುದರಿಂದ ಉಬ್ಬನ್ನು ಮಾತ್ರ ಕನ್ನಡಿಯಲ್ಲಿ ಕಂಡಹಾಗೆ ತಿರುಗಿಸಿ ಕೆತ್ತಬೇಕು. ತಂತ್ರಾಂಶದಲ್ಲಿ ಅದಕ್ಕೆಂದೇ ಒಂದು ಚೌಕ, ಚೌಕಕ್ಕೊಂದು ಟಿಕ್ಕು. ವರ್ಲಿನ್ ಅದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಹಾಕಿದ್ದ.

ಉಬ್ಬು ಗುಂಡಿಯೊಳಗೆ ಕೂರಲಿಲ್ಲ. ಅದುಮಿದ, ಬೈದ, ಸುತ್ತಿಗೆ ತಗೊಂಡ. ಸುತ್ತಿಗೆಯ ಸದ್ದಿಗೆ ಪಕ್ಕದ ಮನೆಯ ವೆಂಡೆಲ್, ಎದುರುಮನೆಯ ಆರಿನ್ ಇಬ್ಬರೂ ಹಾಜರು. ಆರಿನ್ ಕೈಯಲ್ಲಿ ಡೋನಟ್ ಡಬ್ಬಿ.

"ಉಳಿಯ ಮೊನೆ ತಪ್ಪು ಕೊಟ್ಟಿದ್ದೀಯ ಕಣೋ," ಎಂದ ವೆಂಡೆಲ್.

"ಮೊನೆಯೂ ಅಲ್ಲ ಮಣ್ಣೂ ಅಲ್ಲ! ಇಂಚು ಇರೋ ಕಡೆ ಮಿಲಿಮೀಟರ್ ಇದೆ, ಸರಿ ಆಚೆ," ಎಂದು ಆರಿನ್ ಡಬ್ಬಿಯನ್ನು ಯಂತ್ರದ ಮೂಲೆಯಲ್ಲಿಟ್ಟು ಮೌಸಿಗೆ ಕೈಹಾಕಿದ.

ಇಬ್ಬರೂ ಮೌಸು ಎಳೆದಾಡಿದರು. ಯಾರ ಬೆರಳು ಎಲ್ಲಿ ಬಿತ್ತೋ, ಯಂತ್ರ ಗರ್ರೆಂದು ಮರವನ್ನು ಬಿಟ್ಟು ಮೂಲೆಗೆ ಓಡಿ ಡೋನಟ್ ಡಬ್ಬಿಯನ್ನು ಕೆತ್ತಲು ಶುರುಮಾಡಿತು. ಗ್ಯಾರೇಜಿನ ತುಂಬ ಸಕ್ಕರೆ ಪುಡಿ. ಮರದಲ್ಲಿ ಬಾರದ ಕೆರೆ ಡೋನಟ್ಟಿನಲ್ಲಿ ಬಹಳ ಅಚ್ಚುಕಟ್ಟಾಗಿ ಬಂತು.

ಯಂತ್ರ ನಿಲ್ಲಿಸಿ, ಮೂಗಿನ ಸಕ್ಕರೆ ಒರೆಸಿಕೊಂಡು ವರ್ಲಿನ್ ಅಳುವ ಮುಖ ಮಾಡಿದ. "ಬಿಳಿ ಮರ ಇದ್ದದ್ದೇ ಇಷ್ಟು ಮಾರಾಯ. ಇನ್ನೊಂದು ಉಬ್ಬು ಕೆತ್ತೋಕೆ ತುಂಡಿಲ್ಲ."

"ಉಬ್ಬು ಹಾಗೇ ಇರಲಿ. ಹಲಗೆ ಮಗುಚಿ ಹಾಕು, ಬೆನ್ನ ಮೇಲೆ ಹೊಸ ಗುಂಡಿ ತೋಡೋಣ. ಗುಂಡಿನೇ ತಿರುಗಿಸಿಬಿಟ್ರೆ ಆಯ್ತಪ್ಪ!" ಎಂದ ಆರಿನ್.

ಹಾಗೇ ಮಾಡಿದರು. ಉಬ್ಬು ಬೆಣ್ಣೆಯೊಳಗೆ ಚಾಕು ಇಳಿದಂತೆ ಕೂತಿತು. ಮೂವರೂ ಕುಣಿದಾಡಿದರು. ಅಂಟು ಒಣಗಿ, ಮೇಲಿನ ಮರ ಹೆರೆದಾಗ ವರ್ಲಿನ್ ಒಬ್ಬನೇ ಇದ್ದ. ಕೆರೆ ಕಂಡಿತು. ಎಡದ ದಡ ಬಲಕ್ಕೆ, ಬಲದ್ದು ಎಡಕ್ಕೆ! ಅಷ್ಟರಲ್ಲಿ ಮಾರ್ಲಿಸ್ ಒಳಗೆ ಬಂದು, "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಹಲಗೆ ಎತ್ತಿಕೊಂಡು ಹೊರಟೇಬಿಟ್ಟಳು.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕಾಫಿ, ಆಲೂಗಡ್ಡೆ-ಮಾಂಸದ ಬಿಸಿಬಿಸಿ ಹಾಟ್‌ಡಿಶ್, ಕೆರೆ ಸಂಘದ ಸದಸ್ಯರೆಲ್ಲರೂ. ಮಾರ್ಲಿಸ್‌ಳ ಅಣ್ಣ ಲೊವೆಲ್ ಸಂಘದ ಅಧ್ಯಕ್ಷ. ಹಲಗೆ ನೋಡಿದವನೇ ಗಳಗಳನೆ ಅತ್ತ. "ಹುಟ್ಟಿದಾಗಿಂದ ನೋಡಿದ ಕೆರೆ ಕಣಯ್ಯ, ಒಂದು ಕೂದಲೆಳೆ ಆಚೀಚೆ ಆಗಿಲ್ಲ!" ಎಲ್ಲರೂ ಮುಗಿಬಿದ್ದು ತಂತಮ್ಮ ಮನೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದರು. ಎಲ್ಲರ ಬೆರಳೂ ತಪ್ಪು ದಡದಲ್ಲಿ.

ಬದುಕಿದೆಯಾ ಬಡಜೀವವೇ ಎಂದು ವರ್ಲಿನ್ ಉಸಿರು ಬಿಡುವಷ್ಟರಲ್ಲಿ ಲೊವೆಲ್ ಘೋಷಿಸಿದ: "ಹಿಮ ಕರಗಿದ ಕೂಡಲೇ ದೋಣಿ ಇಳಿಸೋ ಕಡೆ ಇದನ್ನೇ ದೊಡ್ಡದಾಗಿ ಹಾಕಿಸ್ತೀನಿ. ನೀರೊಳಗಿನ ಬಂಡೆಗಳಿಗೆ ಅದರ ಮೇಲೆ ಕೆಂಪು ಗುರುತು!"

ಜನ ಗುರುತು ತಪ್ಪಿಸಿ ಸೀದಾ ಬಂಡೆಗೇ ಹೋಗಿ ಗುದ್ದುವುದು ವರ್ಲಿನ್‌ನ ಕಣ್ಣಿಗೆ ಕಟ್ಟಿತು. ಇನ್ನು ತಡೆಯಲಾಗಲಿಲ್ಲ. "ಲೊವೆಲ್, ಕೆರೆ ಉಲ್ಟಾ ಆಗಿದೆ!" ಎಂದು ಕೂಗಿಬಿಟ್ಟ.

ಲೊವೆಲ್ ಫೋನಿನಲ್ಲಿ ನಕ್ಷೆ ತೆಗೆದ, ಹಲಗೆ ನೋಡಿದ, ಫೋನು ನೋಡಿದ. "ಫೋನೇ ತಪ್ಪು! ಫೋನಿನ ನಕ್ಷೆ ಮಾಡಿದವರು ಈ ಕೆರೇಲಿ ಒಂದು ದಿನ ಮೀನು ಹಿಡಿದಿದ್ದಾರಾ?"

"ನಾನಂತೂ ಸರಿಯಾಗೇ ತಿರುಗಿಸಿದ್ದೆ," ಎಂದ ಆರಿನ್. ಜನ ವರ್ಲಿನ್‌ನನ್ನು ಕನಿಕರದಿಂದ ನೋಡಿದರು. ಯಾರೋ ಅವನಿಗೆ ನೀರು ತಂದುಕೊಟ್ಟರು.

ಮಾರ್ಲಿಸ್ ಅವನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು, "ಯಂತ್ರ ಅಲ್ಲೇ ಇರಲಿ. ಅಣ್ಣನ್ನ ಅಳಿಸಿದ ಯಂತ್ರಾನ ಆಚೆ ಹಾಕೋಕೆ ನನಗೆ ಮನಸ್ಸಿಲ್ಲ."

ವರ್ಲಿನ್‌ಗೆ ಕುಣಿಯುವಷ್ಟು ಖುಷಿ.

"ಆದ್ರೆ ಮೂವತ್ತು ವರ್ಷ ಮೀನು ಹಿಡಿದ ಕೆರೇದೇ ಎಡ ಬಲ ಗೊತ್ತಾಗದವನು ಹೆದ್ದಾರೀಲಿ ಗಾಡಿ ಓಡಿಸಬಾರದು. ಪಿಕಪ್ಪಿನ ಕೀ ಕೊಡು."

ಮರುದಿನ ಬೆಳಿಗ್ಗೆ ಪಿಕಪ್ಪು ವೆಂಡೆಲ್‌ನ ಅಂಗಳದಲ್ಲಿತ್ತು. ಅದರ ಜಾಗದಲ್ಲಿ ರಾತ್ರಿಯೆಲ್ಲ ಬೆಚ್ಚಗಿದ್ದ ಮಾರ್ಲಿಸ್‌ಳ ಕಾರು, ವರ್ಲಿನ್‌ನನ್ನು ಕೂರಿಸಿಕೊಂಡು ಕಣ್ಣಿನ ಡಾಕ್ಟರ ಬಳಿಗೆ ಹೊರಟಿತು. ನಾಲ್ಕು ರಸ್ತೆ ಸೇರುವಲ್ಲಿ ಅವಳು ನಿಲ್ಲಿಸಿ ಕೇಳಿದಳು, "ಎಡಕ್ಕೋ ಬಲಕ್ಕೋ?"

"ಎಡಕ್ಕೆ," ಎಂದ ವರ್ಲಿನ್.

ಮಾರ್ಲಿಸ್ ಒಂದು ಕ್ಷಣವೂ ಯೋಚಿಸದೆ ಬಲಕ್ಕೆ ತಿರುಗಿಸಿದಳು.