ಒಂದು ಸಾಚಾ ಉದಾಹರಣೆ

ಇಂಗ್ಲಿಷ್ ನುಡಿಗಟ್ಟುಗಳ ನಿಘಂಟು ತಯಾರಿಸುವ ಕಚೇರಿಯಲ್ಲಿ, ಸಹಾಯಕನ ಮೇಜಿಗೆ ಅಂದು ಬೆಳಿಗ್ಗೆ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ: ‘ಬ್ಲೆಸಿಂಗ್ ಇನ್ ಡಿಸ್‌ಗೈಸ್’. ಅರ್ಥ ಬರೆಯಲು ಎರಡು ನಿಮಿಷ ಸಾಕಾಯಿತು: ಕೇಡಿನ ವೇಷದಲ್ಲಿ ಬಂದ ಒಳಿತು. ತೊಡಕಿದ್ದದ್ದು ಬಳಕೆಯಲ್ಲಿ. ಮನಸ್ಸಿನಿಂದ ಕಟ್ಟಿದ ವಾಕ್ಯವನ್ನು ಸಂಪಾದಕರು ಮೂಸಿಯೂ ನೋಡುತ್ತಿರಲಿಲ್ಲ. ಉದಾಹರಣೆ ನಿಜವಾಗಿ ನಡೆದದ್ದಿರಬೇಕು, ಕೆಳಗೆ ಸಾಕ್ಷಿಯ ಸಹಿ ಇರಬೇಕು.

“ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತೆ. ಇದೊಂದು ಮುಗಿಸಿಕೊಡಿ, ನಿಮ್ಮ ಕೆಲಸ ಕಾಯಂ ಮಾಡೋ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ,” ಎಂದರು ಸಂಪಾದಕರು.

ಒಂಬತ್ತು ವರ್ಷದಿಂದ ಹಂಗಾಮಿಯಾಗಿದ್ದವನು ತನ್ನ ಬದುಕನ್ನೆಲ್ಲ ಜಾಲಾಡಿದ. ಕೇಡೇನೋ ರಾಶಿ ಬಿದ್ದಿತ್ತು. ಒಂದೂ ವೇಷ ಕಳಚಿರಲಿಲ್ಲ.

ಟೈಪಿಸ್ಟಮ್ಮನನ್ನು ಕೇಳಿದ.

“ನನ್ನ ಮದುವೆ ಒಂದ್ಸಲ ಗೊತ್ತಾಗಿ ಮುರಿದುಬಿದ್ದಿತ್ತಪ್ಪ.”

“ಆಮೇಲೆ ಒಳ್ಳೇದಾಯ್ತಾ?”

“ಆಮೇಲೆ ಇವರು ಸಿಕ್ಕಿದ್ರು,” ಎಂದು ಆಕೆ ಕೀಲಿಗಳನ್ನು ಜೋರಾಗಿ ಕುಟ್ಟತೊಡಗಿದಳು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಕರಡು ತಿದ್ದುವ ಹಿರಿಯರು ನಡುವೆ ತಲೆಹಾಕಿದರು. “ಸಿಗದಿದ್ರೆ ನಡೆಸಬೇಕು ಕಣಯ್ಯ. ಬೇಕಂತಲೇ ಒಂದು ಕೇಡು ಮಾಡ್ಕೋ. ಒಳ್ಳೇದು ಹಿಂದೇನೇ ಬರುತ್ತೆ.”

ಮಧ್ಯಾಹ್ನ ಅವನು ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದ. ಮಳೆ ಬಂತು, ಅಷ್ಟೇ.

“ಕೇಡು ಸಣ್ಣದಾಯ್ತು,” ಎಂದರು ಹಿರಿಯರು, ಸಾರಿಗೆ ಉಪ್ಪು ನೋಡಿದವರಂತೆ.

ಮೂರು ಗಂಟೆಗೆ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಎರಡೇ ಮೆಟ್ಟಿಲು ಜಾರುವುದೆಂದು ಗೊತ್ತುಮಾಡಿಕೊಂಡ. ಒದ್ದೆ ಚಪ್ಪಲಿಗೆ ಆ ವಿಷಯ ಗೊತ್ತಿರಲಿಲ್ಲ. ಚೀಲ ಹರಿದು ಸುರಿದ ಆಲೂಗಡ್ಡೆಯಂತೆ ಹದಿನಾಲ್ಕನ್ನೂ ಮುಟ್ಟಿಕೊಂಡೇ ಇಳಿದ.

ಆಸ್ಪತ್ರೆಯಲ್ಲಿ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಏಳುವಂತಿಲ್ಲ ಎಂದರು. ಓಡಿಬಂದ ಹೆಂಡತಿ ಮೊದಲು ಕಾಲು ನೋಡಿದಳು, ಆಮೇಲೆ ಮುಖ. “ಕಾಗದಕ್ಕೆ ಸಹಿ ಆಯ್ತಾ?”

ಐದಕ್ಕೆ ಹತ್ತು ನಿಮಿಷವಿರುವಾಗ ಸಂಪಾದಕರೇ ಬಂದರು. ಮುಖ ಅರಳಿತ್ತು.

“ಉದಾಹರಣೆ ಸಿಕ್ತು ಕಣ್ರೀ,” ಎಂದು ಚೀಟಿ ಓದಿದರು: “‘ಸಹಾಯಕ ಮೆಟ್ಟಿಲಿಂದ ಬಿದ್ದದ್ದು ಕಚೇರಿಗೆ ಬ್ಲೆಸಿಂಗ್ ಇನ್ ಡಿಸ್‌ಗೈಸ್ ಆಯಿತು; ಆ ಜಾಗಕ್ಕೆ ಸಂಪಾದಕರ ಅಳಿಯನಂಥ ಯೋಗ್ಯರು ಸಿಕ್ಕರು.’ ಮೂರು ತಿಂಗಳು ಕುರ್ಚಿ ಖಾಲಿ ಇಡೋಕಾಗುತ್ತಾ, ನೀವೇ ಹೇಳಿ. ಕಾಯಂ ಕಾಗದ ಹೇಗೂ ತಯಾರಿತ್ತು, ಹೆಸರೊಂದು ಬದಲಾಯಿಸಿದೆ.”

ಹೆಂಡತಿ ಕಿಟಕಿಯ ಕಡೆ ತಿರುಗಿದಳು.

“ನಡೆದದ್ದು ನಿಜ ತಾನೇ? ನಿಮಗಿಂತ ಒಳ್ಳೇ ಸಾಕ್ಷಿ ಯಾರಿದಾರೆ. ಇಲ್ಲೊಂದು ಸಹಿ ಹಾಕಿ, ಅಚ್ಚಿನವರು ಕಾಯ್ತಿದಾರೆ.”

ಅವನು ಚೀಟಿಯನ್ನು ಎರಡು ಸಲ ಓದಿದ. ಬಿಟ್ಟುಹೋಗಿದ್ದ ಅಲ್ಪವಿರಾಮವೊಂದನ್ನು ಹಾಕಿ, ಕೆಳಗೆ ಸಹಿ ಮಾಡಿದ.