ಅನ್ಯೋನ್ಯ ಬ್ರದರ್ಸ್ ಅಂಗಡಿಯ ಗುರುವಾರದ ತಪಾಸಣೆ

ಅಂಗಡಿಯ ಬೋರ್ಡಿನ ಮೇಲೆ ಏನಿದೆಯೋ ಅದು ಅಂಗಡಿಯ ಒಳಗೂ ಇರತಕ್ಕದ್ದು ಎಂಬ ನಿಯಮ ಜಾರಿಗೆ ಬಂದದ್ದು ಸಾರ್ವಜನಿಕ ಹಿತದೃಷ್ಟಿಯಿಂದ. ಯಾವ ಸಾರ್ವಜನಿಕರು ಕೇಳಿದ್ದರು ಎಂಬುದನ್ನು ಆದೇಶದಲ್ಲಿ ನಮೂದಿಸಿರಲಿಲ್ಲ. ಒಂದು ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಮೈಕು ಕಟ್ಟಿದ ಆಟೋ ಓಡಾಡಿತು: "ಮಾನ್ಯ ವರ್ತಕ ಬಾಂಧವರೇ, ನಿಮ್ಮ ನಾಮಫಲಕದಲ್ಲಿರುವ ಸುಳ್ಳನ್ನು ಸ್ವಯಂಪ್ರೇರಿತರಾಗಿ ಸರಿಪಡಿಸಿಕೊಂಡು ನಾಮಸತ್ಯ ಪ್ರಾಧಿಕಾರದೊಂದಿಗೆ ಸಹಕರಿಸಿ. ತಪ್ಪಿದಲ್ಲಿ ಫಲಕವನ್ನು ಕಿತ್ತು, ಕಿತ್ತ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡಲಾಗುವುದು."

ಬೀದಿ ಸಹಕರಿಸಿತು. ನ್ಯೂ ದಿವ್ಯ ಸ್ಟೋರ್ಸ್ ಶುರುವಾದ ಮೇಲೆ ಮಾಲೀಕರ ಮಗಳು ದಿವ್ಯಳಿಗೆ ಮದುವೆಯಾಗಿ ಮಕ್ಕಳೂ ಆಗಿದ್ದರಿಂದ ಅದು 'ಮಾಜಿ ನ್ಯೂ ದಿವ್ಯ ಸ್ಟೋರ್ಸ್' ಆಯಿತು. ಒಂದೇ ಕೋಣೆಯ ಪ್ರಭಾ ಪ್ಯಾಲೇಸ್ ಲೇಡೀಸ್ ಟೈಲರ್ಸ್ ಬೋರ್ಡಿನ ಕೆಳಗೆ 'ಇಲ್ಲಿ ಅರಮನೆ ಇರುವುದಿಲ್ಲ' ಎಂಬ ಸಾಲು ಸೇರಿತು. ಇಂಟರ್‌ನ್ಯಾಷನಲ್ ಹೇರ್ ಕಟಿಂಗ್ ಸಲೂನಿನವನು ಮಾತ್ರ ನೇಪಾಳದ ವಾಚ್‌ಮನ್ ಒಬ್ಬನನ್ನು ಕರೆತಂದು, ಎಲ್ಲರೆದುರು ಅವನ ತಲೆ ಬೋಳಿಸಿ, ಹೆಸರು ಉಳಿಸಿಕೊಂಡ.

ತೊಂದರೆಯಾದದ್ದು ಅನ್ಯೋನ್ಯ ಬ್ರದರ್ಸ್ ಹಾರ್ಡ್‌ವೇರ್‌ಗೆ.

ಆ ಹೆಸರಿಟ್ಟವರು ದಿವಂಗತ ವೆಂಕಟರಮಣಪ್ಪ. ಆಗ ಅವರ ಮಕ್ಕಳಾದ ರಾಜೇಂದ್ರ, ಸಂಪತ್ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಈಗ ಅವರು ಒಂದೇ ಅಂಗಡಿಯಲ್ಲಿ ಕೂತು ಮಾತು ಬಿಟ್ಟಿದ್ದರು. ಕಾರಣ ಸಣ್ಣದಲ್ಲ: ಸಂಪತ್‌ನ ಗೃಹಪ್ರವೇಶದ ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ರಾಜೇಂದ್ರನ ಹೆಸರು ಸಂಪತ್‌ನ ಭಾವಮೈದುನನ ಹೆಸರಿನ ಕೆಳಗೆ ಬಿದ್ದಿತ್ತು. ಅವತ್ತಿನಿಂದ ಅಂಗಡಿಯ ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆದು ಎಡಗಡೆ ಅಣ್ಣ ಪೇಂಟು, ಬಲಗಡೆ ತಮ್ಮ ಪೈಪು ಮಾರುತ್ತಿದ್ದರು. ನಲ್ಲಿ ತಮ್ಮನ ಪಾಲಿಗೆ ಹೋಗಿತ್ತು, ನಲ್ಲಿಗೆ ಸುತ್ತುವ ಟೇಪು ಅಣ್ಣನ ಪಾಲಿಗೆ. ಗಿರಾಕಿಗಳು ಗೆರೆ ದಾಟಿ ಎರಡು ಬಿಲ್ಲು ಮಾಡಿಸಿಕೊಂಡು ಹೋಗುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ.

ಅವರ ತಾಯಿ ಚಿಕ್ಕಗಂಗಮ್ಮನವರು ಗೆರೆಯ ಮೇಲೆಯೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. "ಅಮ್ಮಾ, ಶಟರ್ ಹಾಕೋಕೆ ಹೇಳು ಅವನಿಗೆ" ಅಂತ ಒಬ್ಬ. "ಅಮ್ಮಾ, ಬೀಗ ಅವರ ಹತ್ರಾನೇ ಇದೆ ಅಂತ ಹೇಳು" ಅಂತ ಇನ್ನೊಬ್ಬ. ತಾನು ಸತ್ತ ದಿನ ಹೆಣ ಎತ್ತೋ ಹೊತ್ತಿಗೂ ಇವರು ಯಾರ ಕೈಲಿ ಹೇಳಿಸುತ್ತಾರೋ ಎಂಬುದೊಂದೇ ಆಕೆಯ ಚಿಂತೆಯಾಗಿತ್ತು.

ನಾಮಸತ್ಯ ನಿರೀಕ್ಷಕರಾದ ಚನ್ನಮಲ್ಲಪ್ಪನವರು ಬಂದು ಬೋರ್ಡು ನೋಡಿದರು, ನೆಲದ ಗೆರೆ ನೋಡಿದರು.

"ಅನ್ಯೋನ್ಯ ಎಲ್ಲಿದೆ?" ಎಂದು ಕೇಳಿದರು.

ಅಣ್ಣ ಪೇಂಟಿನ ಡಬ್ಬ ನೋಡಿದ, ತಮ್ಮ ಫ್ಯಾನು ನೋಡಿದ.

"ಸರಿ, ಮಾಜಿ ಅನ್ಯೋನ್ಯ ಬ್ರದರ್ಸ್ ಅಂತ ಬರೆಸ್ಕೊಳಿ."

ಚಿಕ್ಕಗಂಗಮ್ಮನವರು ಸ್ಟೂಲಿನಿಂದ ಎದ್ದರು. "ನಾನಿನ್ನೂ ಬದುಕಿದೀನಿ ಸ್ವಾಮಿ. ಅವರಪ್ಪ ಬರೆಸಿದ ಬೋರ್ಡಿನ ಮೇಲೆ ಮಾಜಿ ಅಂತ ಬರೆಸ್ಬೇಡಿ."

"ಹಾಗಾದ್ರೆ ಬೇರೆ ಹೆಸರು ಇಟ್ಕೊಳ್ಳಲಿ."

ಅದಕ್ಕೆ ಮಕ್ಕಳಿಬ್ಬರೂ ಸಿದ್ಧರಿದ್ದರು. 'ರಾಜೇಂದ್ರ ಪೇಂಟ್ಸ್' ಅಂತ ಇವನು, 'ಸಂಪತ್ ಪೈಪ್ಸ್' ಅಂತ ಅವನು ಮನಸ್ಸಿನಲ್ಲೇ ಬೋರ್ಡು ಬರೆಸಿ ಆಗಿತ್ತು. ಆದರೆ ಹೊಸ ಹೆಸರಿಗೆ ಹೊಸ ಪರವಾನಗಿ ಬೇಕು, ಹೊಸ ಪರವಾನಗಿಗೆ ಅಂಗಡಿ ಮುಂದೆ ಎರಡು ಕಾರು ನಿಲ್ಲುವಷ್ಟು ಸ್ವಂತ ಜಾಗ ತೋರಿಸಬೇಕು. ಆ ಗಲ್ಲಿಯಲ್ಲಿ ಎರಡು ಕಾರು ಎದುರುಬದುರು ಬಂದರೆ ಒಂದು ಮಾಗಡಿ ರಸ್ತೆವರೆಗೆ ರಿವರ್ಸ್ ಹೋಗಬೇಕು. ಎಲ್ಲ ಕೂಡಿ ಕಳೆದು ನೋಡಿದಾಗ, ಪಾರ್ಕಿಂಗ್ ಹುಡುಕುವುದಕ್ಕಿಂತ ಅಣ್ಣತಮ್ಮಂದಿರಾಗಿರುವುದೇ ಸಲೀಸು ಎಂದು ಇಬ್ಬರಿಗೂ ಅನ್ನಿಸಿತು. ಬಹುಕಾಲದ ಮೇಲೆ ಇಬ್ಬರಿಗೂ ಒಟ್ಟಿಗೆ ಅನ್ನಿಸಿದ್ದು ಅದೊಂದೇ.

ಮುಂದಿನ ಗುರುವಾರ ಅನ್ಯೋನ್ಯ ತಪಾಸಣೆ ನಿಗದಿಯಾಯಿತು. ಚನ್ನಮಲ್ಲಪ್ಪನವರು ಗೆರೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಪೆನ್ನು ತೆಗೆದರು.

"ಶುರು ಮಾಡಿ."

"ಊಟ ಆಯ್ತಾ?" ಎಂದ ರಾಜೇಂದ್ರ, ಗೋಡೆಯ ಕಡೆ ತಿರುಗಿ.

"ಯಾರನ್ನ ಕೇಳಿದ್ದು? ಗೋಡೆಗೆ ಊಟ ಇಲ್ಲ. ಸಂಬಂಧ ನಮೂದಿಸಿ ಕೇಳಿ."

ರಾಜೇಂದ್ರ ಗಂಟಲು ಸರಿಮಾಡಿಕೊಂಡ. "ಊಟ ಆಯ್ತೇನೋ, ಸಂಪತ್ತೂ?"

"ಆಯ್ತು... ಅಣ್ಣ."

"ಅಣ್ಣ ಅನ್ನೋದು ತಡವಾಗಿ ಬಂತು. ಆದರೂ ಬಂದಿದೆ" ಎಂದು ಚನ್ನಮಲ್ಲಪ್ಪನವರು ಬರೆದುಕೊಂಡರು.

ಚಿಕ್ಕಗಂಗಮ್ಮನವರು ಪ್ರೈಮರ್ ಡಬ್ಬಗಳ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಪೇಂಟಿನ ಘಾಟು ಅಂತ ಸೊಸೆ ವರಲಕ್ಷ್ಮಿಗೆ ಹೇಳಿದರು. ಅಷ್ಟರಲ್ಲಿ ನಿರೀಕ್ಷಕರು ಫೈಲು ಮುಚ್ಚಿ, "ತೃಪ್ತಿಕರ. ಇನ್ನು ಮುಂದಿನ ವರ್ಷ ಬಂದರಾಯ್ತು" ಎಂದುಬಿಟ್ಟರು. ಅವರ ಸ್ಕೂಟರು ತಿರುವು ದಾಟುವ ಮೊದಲೇ ಅಂಗಡಿಯೊಳಗಿಂದ ಕೇಳಿಸಿತು: "ಅಮ್ಮಾ, ಕುರ್ಚಿ ನನ್ನ ಕಡೆ ಬಂದಿದೆ, ತೆಗಿಯೋಕೆ ಹೇಳು ಅವನಿಗೆ."

ಮಾರನೆಯ ದಿನ ಚಿಕ್ಕಗಂಗಮ್ಮನವರು ಬಸ್ಸು ಹತ್ತಿ ವಿಜಯನಗರದಲ್ಲಿದ್ದ ಪ್ರಾಧಿಕಾರದ ಕಚೇರಿಗೆ ಹೋದರು. ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು.

"ದೂರು ಯಾರ ಮೇಲೆ ತಾಯಿ?"

"ನನ್ನ ಮಕ್ಕಳ ಮೇಲೆ ಸ್ವಾಮಿ."

"ಅಪರಾಧ?"

"ನಿಮ್ಮ ಮುಂದೆ ಆಡಿದಷ್ಟು ಹಿಂದೆ ಆಡಲ್ಲ. ನೀವು ವಾರವಾರ ಬಂದು ನೋಡ್ಬೇಕು."

"ವಾರವಾರ ಬರೋಕೆ ನಿಯಮದಲ್ಲಿ ಅವಕಾಶ ಇಲ್ವಲ್ಲಾ" ಎಂದು ಚನ್ನಮಲ್ಲಪ್ಪನವರು ಡಬ್ಬಿಯ ಮುಚ್ಚಳ ತೆಗೆದರು. ಒಬ್ಬಟ್ಟು. ಜೊತೆಗೆ ತುಪ್ಪದ ಗಿಂಡಿ ಬೇರೆ. ಒಂದು ತಿಂದು ಯೋಚಿಸಿದರು. ಇನ್ನೊಂದು ತಿಂದಾಗ ನಿಯಮದಲ್ಲಿ ಅವಕಾಶ ಕಾಣಿಸಿತು.

ಅಂದಿನಿಂದ ಪ್ರತಿ ಗುರುವಾರ, ಸಾರ್ವಜನಿಕರಿಗೆ ಅನನುಕೂಲವಾಗದಂತೆ ಸರಿಯಾಗಿ ಊಟದ ಹೊತ್ತಿಗೆ, ತಪಾಸಣೆ ನಡೆಯತೊಡಗಿತು. ಅಣ್ಣತಮ್ಮಂದಿರು ನಿರೀಕ್ಷಕರ ಎರಡೂ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂರತಕ್ಕದ್ದು ಎಂದಾಯಿತು. ಉಪ್ಪಿನಕಾಯಿ ಕೈಯಿಂದ ಕೈಗೆ ದಾಟತಕ್ಕದ್ದು ಎಂದಾಯಿತು. ಅವರೆಕಾಯಿ ಕಾಲದಲ್ಲಿ ಚನ್ನಮಲ್ಲಪ್ಪನವರು ಸಹಾಯಕ ನಿರೀಕ್ಷಕರನ್ನೂ, ಮನೆಯವರಿಗೆಂದು ಒಂದು ಖಾಲಿ ಕ್ಯಾರಿಯರನ್ನೂ ಕರೆತಂದರು. ಆ ತಿಂಗಳು ಅನ್ಯೋನ್ಯ ವಿಶೇಷ ಪರಿಶೀಲನೆಯಲ್ಲಿತ್ತು.

ಒಂದು ಗುರುವಾರ ಬಾಲ್ಯದ ನೆನಪು ಹೇಳಬೇಕಾಗಿ ಬಂತು.

"ಕೆರೆ ಏರಿ ಮೇಲೆ ಅಣ್ಣ ನಂಗೆ ಸೈಕಲ್ ಕಲಿಸ್ದ. ನಾನು ಬಿದ್ದು ಮಂಡಿ ಒಡ್ಕೊಂಡೆ" ಎಂದ ಸಂಪತ್.

"ಬಿದ್ದಿದ್ದು ನೀನಲ್ಲ ಕಣೋ, ನಾನು. ನಿನ್ನ ಹಿಡಿಯೋಕೆ ಹೋಗಿ ಬಿದ್ದೆ. ಇನ್ನೂ ಗುರುತಿದೆ ನೋಡು" ಎಂದು ರಾಜೇಂದ್ರ ಪ್ಯಾಂಟು ಮೇಲೆತ್ತಿದ.

"ಜಗಳ ಆಡಬಹುದಾ ಸಾರ್?" ಎಂದು ಸಂಪತ್ ಕೇಳಿದ.

"ಆಡಬಹುದು. ಅದೂ ಮಾತೇ" ಎಂದು ಚನ್ನಮಲ್ಲಪ್ಪನವರು ಮಜ್ಜಿಗೆಗೆ ಕೈ ಚಾಚಿದರು.

ಇಷ್ಟಾದರೂ ಶುಕ್ರವಾರದಿಂದ ಬುಧವಾರದವರೆಗೆ ಅಂಗಡಿಯಲ್ಲಿ ಮೊದಲಿನ ಮೌನವೇ ಇತ್ತು. ಕಚೇರಿ ವೇಳೆಯಲ್ಲದ ವೇಳೆಯಲ್ಲಿ ಪ್ರೀತಿ ತೋರಿಸಲು ಇಬ್ಬರಿಗೂ ನಾಚಿಕೆ.

ಆಮೇಲೊಂದು ಮಂಗಳವಾರ ಅದೇ ಆಟೋ ಅದೇ ಮೈಕು ಕಟ್ಟಿಕೊಂಡು ಬಂತು: "ಮಾನ್ಯ ವರ್ತಕ ಬಾಂಧವರೇ, ನಾಮಸತ್ಯ ಪ್ರಾಧಿಕಾರವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ರದ್ದುಪಡಿಸಲಾಗಿದೆ. ಪರವಾನಗಿಗೆ ಪಾರ್ಕಿಂಗ್ ಜಾಗದ ಷರತ್ತನ್ನೂ ಹಿಂಪಡೆಯಲಾಗಿದೆ. ಇನ್ನು ಮುಂದೆ ನಿಮಗಿಷ್ಟ ಬಂದ ಸುಳ್ಳನ್ನು ನಿರ್ಭಯವಾಗಿ ಬರೆಸಿಕೊಳ್ಳಿ."

ದಾರಿಗೆ ಅಡ್ಡವಾಗಿ ಹಸು ಮಲಗಿದ್ದರಿಂದ ಆಟೋ ಅನ್ಯೋನ್ಯ ಬ್ರದರ್ಸ್ ಮುಂದೆಯೇ ನಿಂತು ಇಡೀ ಪ್ರಕಟಣೆಯನ್ನು ಮತ್ತೆ ಹೇಳಿತು. ಗೆರೆಯ ಮೇಲೆ ಕೂತಿದ್ದ ಚಿಕ್ಕಗಂಗಮ್ಮನವರಿಗೆ ತಲೆ ಎತ್ತಿ ಯಾವ ಮಗನ ಮುಖ ನೋಡುವುದಕ್ಕೂ ಧೈರ್ಯ ಸಾಲಲಿಲ್ಲ.

ಹಸು ಎದ್ದಿತು, ಆಟೋ ಹೋಯಿತು.

"ಏನಂತೋ ಅದು?" ಎಂದ ರಾಜೇಂದ್ರ, ಬ್ರಷ್ಷು ಜೋಡಿಸುತ್ತಾ.

ಸಂಪತ್ ಒಂದು ಗಳಿಗೆ ಬೀದಿ ನೋಡಿದ.

"ಹಳೇ ಪೇಪರ್ ಗಾಡಿ ಕಣಣ್ಣ" ಎಂದ.

"ಓ, ಹಾಗಾ" ಎಂದ ರಾಜೇಂದ್ರ.

ಚಿಕ್ಕಗಂಗಮ್ಮನವರು ಎದ್ದು, ಗುರುವಾರಕ್ಕೆ ಬೆಲ್ಲ ಇದೆಯೋ ಇಲ್ಲವೋ ನೋಡಲು ಮನೆ ಕಡೆ ಹೋದರು.

ಗುರುವಾರ ಊಟದ ಹೊತ್ತಿಗೆ, ಈಗ ಯಾವ ಇಲಾಖೆಗೂ ಸೇರದ ಚನ್ನಮಲ್ಲಪ್ಪನವರು ಖಾಲಿ ಕ್ಯಾರಿಯರ್ ಹಿಡಿದು ಬಂದರು. ಎಲೆ ಹಾಕಿತ್ತು. ಒಬ್ಬಟ್ಟು ಮುಗಿಸಿ, ಕೈ ಒರೆಸಿಕೊಂಡು, ಅಣ್ಣನನ್ನೂ ತಮ್ಮನನ್ನೂ ಬಿಗಿಯಾಗಿ ನೋಡಿದರು.

"ತೃಪ್ತಿಕರವಾಗಿಲ್ಲ. ಮುಂದಿನ ವಾರ ಮತ್ತೆ ಬರಬೇಕಾಗುತ್ತೆ."

"ಆಗ್ಲಿ ಸಾರ್" ಎಂದು ಇಬ್ಬರೂ ಒಟ್ಟಿಗೆ ತಲೆ ಬಗ್ಗಿಸಿದರು.