ಏಳಲೊಲ್ಲದ ಬೀರು

ಹೊಸ ಬೀರು ಮನೆಯೊಳಕ್ಕೆ ಬಂತು, ಗಣಿತದ ಮೇಷ್ಟ್ರ ನೆಮ್ಮದಿ ಹೊರಕ್ಕೆ ಹೋಯಿತು. ಹೊತ್ತು ತಂದವರು ಅದನ್ನು ನಡುಮನೆಯಲ್ಲಿ ಅಂಗಾತ ಮಲಗಿಸಿ, "ಹೊರೋದಷ್ಟೇ ನಮ್ಮ ಕೆಲಸ, ನಿಲ್ಸೋದು ನಿಮ್ಮದು" ಎಂದು ಮೆಟ್ಟಿಲಿಳಿದೇ ಬಿಟ್ಟರು. ಬೀರು ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಒಳಗಿದ್ದ ಹೆಂಡತಿ ಒಳಗೇ, ಹೊರಗಿದ್ದ ಮೇಷ್ಟ್ರು ಹೊರಗೇ ಉಳಿದರು.

ಬೇರೆ ದಿನವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಅಂದು ಸಂಜೆ ಶಾಲೆಯ ಸೆಕ್ರೆಟರಿ ಬರುವವರಿದ್ದರು. ಅವರಿರುವುದು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ. ಖಾಲಿ ಬಿದ್ದಿದ್ದ ಹೆಡ್ಮಾಸ್ಟರ್ ಕುರ್ಚಿಗೆ ಯಾರು ಎಂದು ತೀರ್ಮಾನ ಮಾಡುವವರು ಅವರೇ. ಕಣ್ಣಿಟ್ಟವರು ಇಬ್ಬರು: ಒಬ್ಬರು ನಮ್ಮ ಮೇಷ್ಟ್ರು, ಇನ್ನೊಬ್ಬರು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ಮೇಷ್ಟ್ರಿಗೆ ಆ ಕುರ್ಚಿ ಬೇಕೇ ಬೇಕಿತ್ತು. ಕನಸಿನಲ್ಲೂ ಅದರ ಮೇಲೆ ಕೂತು ಗಂಟೆ ಹೊಡೆಸುತ್ತಿದ್ದರು.

ಇಷ್ಟು ಸಾಲದೆಂದು ಬೀರಿನ ವಿಷಯದಲ್ಲಿ ಅವರು ಊರೆಲ್ಲ ಡಂಗುರ ಬೇರೆ ಹೊಡೆದಿದ್ದರು. "ಎಲ್ಲರೂ ಎತ್ತರ ನೋಡಿ ಬೀರು ಮಾಡಿಸ್ತಾರೆ. ನಾನು ಮೂಲೆಯಿಂದ ಮೂಲೆಗೆ ವಿಕರ್ಣ ನೋಡಿ ಅಳತೆ ಕೊಟ್ಟಿದ್ದೀನಿ. ಎತ್ತರ ಏಳೂವರೆ ಅಡಿ! ಬಂದ ತಕ್ಷಣ ಎದ್ದು ನಿಲ್ಲುತ್ತೆ, ನೋಡ್ತಿರಿ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದರು.

ಕರೆಯುವ ಮುಂಚೆಯೇ ಡ್ರಿಲ್ ಮೇಷ್ಟ್ರು ನೋಡಲು ಬಂದರು. ಎದುರುಮನೆಯ ಟೈಲರ್ ಕೊರಳಿಗೆ ಟೇಪು ಸುತ್ತಿಕೊಂಡೇ ಬಂದ.

"ಅಬ್ಬಬ್ಬಾ, ಸಿಂಹದ ಪಾದ ಬೇರೆ!" ಎಂದು ಟೈಲರ್ ಬೀರಿನ ಕೆತ್ತನೆಯ ಕಾಲು ಸವರಿದ. "ಇದನ್ನೂ ಹೇಳಿದ್ರಾ ಸಾರ್?"

ಮೇಷ್ಟ್ರು ಹೇಳಿರಲಿಲ್ಲ. ಆದರೂ "ಬಡಗಿಗೆ ನನ್ನ ಮೇಲೆ ಗೌರವ" ಎಂದು ಉಬ್ಬಿದರು.

"ಐಲೇಸಾ... ಎತ್ತು!" ಮೂವರೂ ಸೇರಿ ತಲೆಯ ಕಡೆ ಎತ್ತಿದರು. ಬೀರು ಏಳುತ್ತ ಏಳುತ್ತ ಅರ್ಧಕ್ಕಿಂತ ಮೇಲೆ ಬಂದು, ಕರ್ರೆಂದು ತಾರಸಿಗೆ ತಾಗಿ ನಿಂತಿತು. ಸುಣ್ಣದ ಪುಡಿ ಮೇಷ್ಟ್ರ ಬೊಕ್ಕತಲೆಯ ಮೇಲೆ ಉದುರಿತು. ತಳ್ಳಿದರು, ಒದ್ದರು, ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ.

"ಎಲ್ಲೋಯ್ತು ಸ್ವಾಮಿ ನಿಮ್ಮ ವಿಕರ್ಣ?" ಎಂದರು ಡ್ರಿಲ್ ಮೇಷ್ಟ್ರು, ಭುಜ ಕೊಟ್ಟುಕೊಂಡೇ. "ಆ ವಿಕರ್ಣದ ಸೂತ್ರ ಪರದೇಶದವನದ್ದಂತೆ, ನಮ್ಮ ಬೀರಿಗೆಲ್ಲಿ ಆಗುತ್ತೆ?"

ಮೇಷ್ಟ್ರಿಗೆ ಅವಮಾನ ತಡೆಯಲಾಗಲಿಲ್ಲ. ಸೂತ್ರಕ್ಕೆ ಅಂದರೆ ಅಪ್ಪನಿಗೆ ಅಂದಂತೆ! "ಏನ್ರೀ ಅಂದ್ರಿ? ಯಾರ ಹೆಸರು ಅಂಟಿದೆಯೋ ಅವನೊಬ್ಬನ ಸ್ವತ್ತಲ್ಲ ಅದು. ಅವನು ಹುಟ್ಟೋಕೆ ಸಾವಿರ ವರ್ಷ ಮುಂಚೆ ಜೇಡಿಮಣ್ಣಿನ ಹಲಗೆ ಮೇಲೆ ಲೆಕ್ಕ ಗೀಚಿಟ್ಟಿದ್ರು. ನಮ್ಮ ಕಡೆ ಯಜ್ಞವೇದಿ ಕಟ್ಟೋರು ಹಗ್ಗ ಎಳೆದೇ ಮೂಲೆ ಹಿಡೀತಿದ್ರು. ಮೂರು, ನಾಲ್ಕು, ಐದು ಅಂತ ಹಗ್ಗ ಅಳೆದು ತ್ರಿಕೋನ ಮಾಡಿದ್ರೆ ಮೂಲೆ ತಾನಾಗೇ ನೆಟ್ಟಗೆ ಬರುತ್ತೆ..."

"ಸಾರ್, ಭುಜ..." ಎಂದು ಟೈಲರ್ ನರಳಿದ.

"ಭುಜಕ್ಕೇ ಬಂದೆ! ಒಂದು ಭುಜದ ವರ್ಗ, ಇನ್ನೊಂದು ಭುಜದ ವರ್ಗ, ಎರಡೂ ಸೇರಿದ್ರೆ..."

"ರೀ! ಪಾಠ ಆಮೇಲೆ ಮಾಡಿ, ಮೊದಲು ಅದನ್ನ ಇಳಿಸಿ!" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದರು. "ಬೆಳಗಿನಿಂದ ಕಿಟಕೀಲಿ ಗಾಳಿ ಕುಡೀತಾ ನಿಂತಿದ್ದೀನಿ!"

ಇಳಿಸಿದರು. ಮೇಷ್ಟ್ರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕವನ್ನು ಮತ್ತೆ ಮಾಡಿದರು. ತಪ್ಪಿಲ್ಲ. ಕೊನೆಗೆ ಟೈಲರನ ಟೇಪು ಕಿತ್ತುಕೊಂಡು ಬೀರನ್ನೇ ಅಳೆದರು. ಎಂಟಡಿ!

"ನೋಡ್ರೀ, ನೋಡ್ರೀ! ನಾನು ಹೇಳಿದ್ದು ಏಳೂವರೆ. ಇದು ಎಂಟು!" ಮೇಷ್ಟ್ರು ಕುಣಿದೇಬಿಟ್ಟರು.

"ತಾರಸಿ ಎಂಟಡಿಗಿಂತ ಒಂದಂಗುಲ ಎತ್ತರ ಇದೆಯಲ್ಲ ಸಾರ್, ಸಾಲದಾ?" ಎಂದ ಟೈಲರ್.

"ನಿಂತಾಗ ಎಂಟಡಿ ಕಣಯ್ಯ, ಏಳುವಾಗ ಮೂಲೆಯಿಂದ ಮೂಲೆಗೆ ಎಂಟೂ ಕಾಲು! ಎಂಟೆಂಟ್ಲಿ ಅರವತ್ನಾಲ್ಕು. ಬೀರಿನ ಆಳ ಎರಡಡಿ, ಎರಡೆರಡ್ಲಿ ನಾಲ್ಕು. ಒಟ್ಟು ಅರವತ್ತೆಂಟು. ಅದರ ವರ್ಗಮೂಲ ಹತ್ತಿರ ಹತ್ತಿರ ಎಂಟೂ ಕಾಲು. ತಾಗದೆ ಇರುತ್ತಾ? ಸೂತ್ರ ತಪ್ಪಿಲ್ಲ, ಬಡಗಿ ತಪ್ಪಿದ್ದಾನೆ."

ಬಡಗಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಸಂಜೆ ಹತ್ತಿರವಾಗುತ್ತಿತ್ತು. ಸೆಕ್ರೆಟರಿ ಬಂದಾಗ ಬೀರು ಹೆಣದ ಹಾಗೆ ಮಲಗಿದ್ದರೆ, ಡ್ರಿಲ್ ಮೇಷ್ಟ್ರು ಸುಮ್ಮನಿರುವ ಆಸಾಮಿಯೇ? ಮೇಷ್ಟ್ರು ಮನಸ್ಸು ಗಟ್ಟಿ ಮಾಡಿಕೊಂಡರು.

"ಅರ್ಧ ಅಡಿ ಕೊಯ್ದರೆ ಆಯ್ತು. ಗರಗಸ ಯಾರ ಹತ್ತಿರ ಇದೆ?"

"ನಮ್ಮನೇಲಿದೆ, ತಂದೆ!" ಎಂದು ಡ್ರಿಲ್ ಮೇಷ್ಟ್ರು ಓಡಿದ ಓಟವನ್ನು ಶಾಲೆಯ ಮೈದಾನದಲ್ಲಿ ಯಾರೂ ಕಂಡಿರಲಿಲ್ಲ.

ಸಿಂಹದ ಪಾದಗಳು ನೆಲಕ್ಕುರುಳಿದವು. ಟೈಲರ್ ಅಯ್ಯೋ ಪಾಪ ಎಂದ. ಮತ್ತೆ ಮೂವರೂ ಎತ್ತಿದರು. ಈ ಬಾರಿ ಬೀರು ಎಲ್ಲಿಯೂ ತಾಗದೆ ಎದ್ದು, ದಪ್ಪೆಂದು ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಹೆಂಡತಿ ಜೈಲಿನಿಂದ ಬಿಟ್ಟವರಂತೆ ಹೊರಬಂದರು. ಮೇಷ್ಟ್ರ ಕಣ್ಣು ಸಂತೋಷಕ್ಕೆ ಒದ್ದೆಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಸೆಕ್ರೆಟರಿ ಕಾಣಿಸಿಕೊಂಡರು. ಮೇಷ್ಟ್ರು ಅವರನ್ನು ಗೋಡೆಯ ಲೆಕ್ಕದ ಮುಂದೆ ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ವಿವರಿಸಿದರು. ಸೆಕ್ರೆಟರಿ ಪೂರ್ತಿ ಕೇಳಿದರು. ಆಮೇಲೆ ಬಗ್ಗಿ, ನೆಲದಲ್ಲಿದ್ದ ಒಂದು ಸಿಂಹಪಾದವನ್ನು ಮಗುವಿನಂತೆ ಎತ್ತಿಕೊಂಡರು.

"ಬಡಗಿ ಈಗ ತಾನೇ ಫೋನ್ ಮಾಡಿದ್ದ ಮೇಷ್ಟ್ರೇ. ಅವನ ಆಳುಗಳು ಬೀರು ಅದಲುಬದಲು ಮಾಡಿದ್ದಾರಂತೆ. ನಿಮ್ಮ ಏಳೂವರೆ ಅಡಿ ಬೀರು ನಮ್ಮನೇಲಿದೆ. ಇದು ನನ್ನ ಮಗಳ ಮದುವೆಗೆ ಮಾಡಿಸಿದ್ದು."

ಟೈಲರ್ ಮೆಲ್ಲಗೆ ಟೇಪು ಸುತ್ತಿಕೊಂಡು ಜಾಗ ಖಾಲಿ ಮಾಡಿದ.

"ಸಾರ್, ಲೆಕ್ಕ ಮಾತ್ರ..." ಎಂದು ಮೇಷ್ಟ್ರು ತೊದಲಿದರು.

"ಲೆಕ್ಕ ಒಂದು ಚೂರೂ ತಪ್ಪಿಲ್ಲ ಬಿಡಿ" ಎಂದರು ಸೆಕ್ರೆಟರಿ. "ಇಷ್ಟು ಚೆನ್ನಾಗಿ ಪಾಠ ಹೇಳೋರನ್ನ ಕ್ಲಾಸಿನಿಂದ ಎಬ್ಬಿಸಿದ್ರೆ ಮಕ್ಕಳ ಶಾಪ ತಟ್ಟುತ್ತೆ. ಹೆಡ್ಮಾಸ್ಟರ್ ಕುರ್ಚಿಗೆ ಡ್ರಿಲ್ ಮೇಷ್ಟ್ರೇ ಸಾಕು."